ಹನ್ನೊಂದು ನಿಮಿಷದ ಡಬ್ಬ

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಹಾರ್ಡ್ ಡಿಸ್ಕ್ ಹಿಡಿದುಕೊಂಡು ನನ್ನ ಎಡಿಟಿಂಗ್ ರೂಮಿಗೆ ಬಂದ. ಸಾಫ್ಟ್‌ವೇರ್ ಕೆಲಸ ಬಿಟ್ಟು ಒಂದು ಕಿರುಚಿತ್ರ ಮಾಡಿದ್ದ. ಊರಿನಲ್ಲೇ ಶೂಟಿಂಗ್, ಮನೆಯವರೇ ನಟರು. ಟೈಮ್‌ಲೈನ್ ತೆರೆದು ನೋಡಿದರೆ 38 ನಿಮಿಷ.

“ಸರ್, ಇದನ್ನ ಹದಿನೈದು ನಿಮಿಷದೊಳಗೆ ತರಬೇಕು.”

“ಯಾಕಪ್ಪಾ?”

“ಕಾನ್ ಚಿತ್ರೋತ್ಸವಕ್ಕೆ ಕಳಿಸಬೇಕು ಸರ್. ಅಲ್ಲಿ ಹದಿನೈದೇ ನಿಮಿಷ.”

ನಾನು ನಗಲಿಲ್ಲ. 2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಫ್ರಾನ್ಸಿನ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದರು. ಆಮೇಲೆ ನನ್ನ ರೂಮಿಗೆ ಬರುವ ಹುಡುಗ ಹುಡುಗಿಯರಿಗೆ ಆ ಊರು ಹತ್ತಿರವಾಗಿದೆ. ಅಜ್ಜಿಯ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಅನ್ನುವ ಕತೆ ನಾವೆಲ್ಲ ಕೇಳಿ ಬೆಳೆದದ್ದು. ಆ ಎಳೆಯನ್ನು ಹಿಡಿದು ಮಾಡಿದ ಕನ್ನಡ ಚಿತ್ರ ಅದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದುವಾಗ ನಾಲ್ಕೇ ದಿನದಲ್ಲಿ ಶೂಟಿಂಗ್ ಮುಗಿಸಿದ್ದರು. ಉದ್ದ 16 ನಿಮಿಷ.

“ಅಲ್ಲಾ ಸರ್, ಕಿರುಚಿತ್ರ ಅಂದ್ರೆ ಸರಿಯಾಗಿ ಎಷ್ಟು ನಿಮಿಷ?”

ಒಳ್ಳೆಯ ಪ್ರಶ್ನೆ. ಆಸ್ಕರ್‌ನವರನ್ನು ಕೇಳಿದರೆ ಟೈಟಲ್ಲು, ಕ್ರೆಡಿಟ್ಸು ಎಲ್ಲ ಸೇರಿ 40 ನಿಮಿಷದೊಳಗೆ ಅನ್ನುತ್ತಾರೆ. ಕಾನ್‌ನ ಕಿರುಚಿತ್ರ ಸ್ಪರ್ಧೆಗೆ 15, ಅಲ್ಲಿನ ವಿದ್ಯಾರ್ಥಿ ವಿಭಾಗದ ಲೆಕ್ಕ ಬೇರೆ. ನಮ್ಮ ರಾಷ್ಟ್ರ ಪ್ರಶಸ್ತಿಗೆ 30. ಒಂದೇ ಸಿನಿಮಾ ಒಂದು ಕಡೆ ಕಿರುಚಿತ್ರ, ಇನ್ನೊಂದು ಕಡೆ ಅಲ್ಲ. ನಾನು ಉತ್ತರ ಕೊಡುವ ಬದಲು ಕಪಾಟಿನ ಮೇಲಿದ್ದ ತಗಡಿನ ಡಬ್ಬ ಇಳಿಸಿ ಅವನ ಕೈಗೆ ಕೊಟ್ಟೆ. ಈಗ ಅದರಲ್ಲಿ ಹಳೆ ಚಾರ್ಜರ್‌ಗಳು ಬಿದ್ದಿವೆ. ಅವನು ಬಿಸ್ಕತ್ತಿನ ಡಬ್ಬ ಅಂದುಕೊಂಡ.

ಅದು 35 ಎಂಎಂ ಫಿಲ್ಮಿನ ಡಬ್ಬ. ಸಾವಿರ ಅಡಿ ಹಿಡಿಸುತ್ತದೆ. ಅಡಿಗೆ 16 ಫ್ರೇಮು, ಅಂದರೆ ಒಂದು ರೀಲಿನಲ್ಲಿ 16,000 ಫ್ರೇಮು. ಸೆಕೆಂಡಿಗೆ 24ರಂತೆ ಓಡಿಸಿದರೆ 11 ನಿಮಿಷ ಚಿಲ್ಲರೆ. ಮೂಕಿ ಕಾಲದಲ್ಲಿ ಸೆಕೆಂಡಿಗೆ 16ರ ಆಸುಪಾಸು ಓಡಿಸುತ್ತಿದ್ದರು. ಆಗ ಇದೇ ರೀಲು ಹದಿನಾರು ನಿಮಿಷ ದಾಟುತ್ತಿತ್ತು. ಕಿರುಚಿತ್ರ ಇಷ್ಟೇ ಉದ್ದ ಇರಬೇಕು ಅಂತ ಯಾವ ಕಲಾವಿದನೂ ಕೂತು ತೀರ್ಮಾನಿಸಲಿಲ್ಲ. ಈ ಡಬ್ಬ ತೀರ್ಮಾನಿಸಿತು. ಡಬ್ಬಕ್ಕೆ ದುಡ್ಡು ಕೊಟ್ಟವರು ತೀರ್ಮಾನಿಸಿದರು.

ಮೂವತ್ತು ವರ್ಷದಿಂದ ಕತ್ತರಿ ಹಿಡಿದವನು ನಾನು. ಮೊದಲು ನಿಜವಾದ ಫಿಲ್ಮ್, ಅಂಟಿಸುವ ಟೇಪು. ಈಗ ಮೌಸು. ಕಿರುಚಿತ್ರ ಸತ್ತಿತು ಅಂತ ಈ ಅವಧಿಯಲ್ಲಿ ನಾಲ್ಕೈದು ಸಲ ಕೇಳಿದ್ದೇನೆ. ಮತ್ತೆ ಹುಟ್ಟಿತು ಅಂತಲೂ ಅಷ್ಟೇ ಸಲ. ನನಗೆ ಅನ್ನಿಸುವುದು ಬೇರೆ. ಅದಕ್ಕೆ ನೋಡುವವರು ಯಾವತ್ತೂ ಕಮ್ಮಿಯಾಗಲಿಲ್ಲ. ಟಿಕೆಟ್ಟಿನಲ್ಲಿ ಅದಕ್ಕಿದ್ದ ಪಾಲು ಹೋಯಿತು, ಅಷ್ಟೇ. ಆಮೇಲೆ ಟಿಕೆಟ್ ಕೊಳ್ಳುವವರನ್ನು ಬಿಟ್ಟು ಬೇರೆ ಯಾರಾದರೂ ದುಡ್ಡು ಹಾಕಿದಾಗೆಲ್ಲ ಎದ್ದು ಬಂತು. ಬರುವಾಗ ದುಡ್ಡು ಹಾಕಿದವರ ಚಹರೆಯನ್ನೂ ಹೊತ್ತು ತಂದಿತು.

ಶುರುವಿನಲ್ಲಿ ಎಲ್ಲ ಸಿನಿಮಾವೂ ಕಿರುಚಿತ್ರವೇ. ಹಾಗಂತ ಯಾರೂ ಕರೆಯುತ್ತಿರಲಿಲ್ಲ. ಮೊಬೈಲ್ ಬರುವವರೆಗೆ ಮನೆಯ ಫೋನನ್ನು ಯಾರೂ ಲ್ಯಾಂಡ್‌ಲೈನ್ ಅನ್ನುತ್ತಿರಲಿಲ್ಲ, ಅಲ್ವಾ? ಹಾಗೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಅಣ್ಣತಮ್ಮಂದಿರು ಹತ್ತು ಚಿತ್ರ ತೋರಿಸಿದರು. ಒಂದೊಂದೂ ಸುಮಾರು 50 ಸೆಕೆಂಡು. ಅವರ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದದ್ದೇ 17 ಮೀಟರ್ ಫಿಲ್ಮ್. ಮರುವರ್ಷ ಜುಲೈ 7ಕ್ಕೆ ಆ ಯಂತ್ರ ಬೊಂಬಾಯಿಯ ವಾಟ್ಸನ್ ಹೋಟೆಲಿಗೂ ಬಂತು.

ಹತ್ತು ವರ್ಷದಲ್ಲಿ ಅದು ದೊಡ್ಡ ವ್ಯಾಪಾರವಾಯಿತು. 1905ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಂದು ಅಂಗಡಿ ಮಳಿಗೆಯನ್ನೇ ಥಿಯೇಟರ್ ಮಾಡಿದರು. ಟಿಕೆಟ್ 5 ಸೆಂಟು. ಆ ನಾಣ್ಯಕ್ಕೆ ಅಲ್ಲಿ ನಿಕಲ್ ಅನ್ನುತ್ತಾರೆ. ಹಾಗಾಗಿ ಥಿಯೇಟರಿಗೂ ನಿಕಲೋಡಿಯನ್ ಎಂಬ ಹೆಸರು ಬಂತು. ನೋಡನೋಡುತ್ತಿದ್ದಂತೆ ಇಂಥವು ಊರೂರಿಗೆ ಹಬ್ಬಿದವು. ಅರ್ಧ ಮುಕ್ಕಾಲು ಗಂಟೆಯ ಆಟ, ಬೇಗ ಬೇಗ ಬದಲಾಗುವ ಚಿತ್ರಗಳು. ಇವಕ್ಕೆ ಒದಗಿಸಲು ಕಂಪನಿಗಳು ಒಂದೊಂದು ರೀಲಿನ ಚಿತ್ರಗಳನ್ನು ಹಪ್ಪಳ ಒತ್ತಿದ ಹಾಗೆ ಒತ್ತುತ್ತಿದ್ದವು. ಡಿ. ಡಬ್ಲ್ಯು. ಗ್ರಿಫಿತ್ ಒಬ್ಬರೇ 1908ರಿಂದ 1913ರೊಳಗೆ ಬಯೋಗ್ರಾಫ್ ಕಂಪನಿಗೆ 400ಕ್ಕೂ ಹೆಚ್ಚು ಕಿರುಚಿತ್ರ ಮಾಡಿದರು. ಒಂದು ಕಡೆ ಅಪಾಯ, ಇನ್ನೊಂದು ಕಡೆ ಓಡಿ ಬರುವ ನಾಯಕ, ಎರಡನ್ನೂ ಒಂದಾದ ಮೇಲೊಂದರಂತೆ ತೋರಿಸುವ ಕಟಿಂಗ್ ಪಳಗಿದ್ದು ಆ ಹಪ್ಪಳಗಳಲ್ಲೇ. ನಾವು ಎಡಿಟರ್‌ಗಳು ಇವತ್ತಿಗೂ ತಿನ್ನುತ್ತಿರುವ ಅನ್ನ ಅದು.

ಆದರೆ ಆ ವ್ಯಾಪಾರದಲ್ಲಿ ಒಂದು ತೊಡಕಿತ್ತು. ಫಿಲ್ಮನ್ನು ಅಂಗಡಿಯ ಬಟ್ಟೆಯ ಹಾಗೆ ಅಡಿ ಲೆಕ್ಕದಲ್ಲಿ ಮಾರುತ್ತಿದ್ದರು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೆಚ್ಚುಕಮ್ಮಿ ಒಂದೇ ದರ. ಹೀಗಿರುವಾಗ ಜಾಸ್ತಿ ಖರ್ಚು ಮಾಡಿ ಒಳ್ಳೆಯ ಚಿತ್ರ ಯಾಕೆ ಮಾಡಬೇಕು? ಉದ್ದದ ಚಿತ್ರ ಬೇಕು ಅಂತ ಗ್ರಿಫಿತ್ ಕೇಳಿದರೆ ಕಂಪನಿಯವರು ಒಪ್ಪುತ್ತಿರಲಿಲ್ಲ. ಜನ ಅಷ್ಟು ಹೊತ್ತು ಕೂರುವುದಿಲ್ಲ ಎಂಬ ಭಯ. 1911ರಲ್ಲಿ ಅವರು ಎರಡು ರೀಲಿನ ‘ಈನಕ್ ಆರ್ಡನ್’ ಮಾಡಿದಾಗ ಕಂಪನಿ ಅದನ್ನು ಎರಡು ತುಂಡು ಮಾಡಿ ಬೇರೆ ಬೇರೆ ದಿನ ಬಿಡುಗಡೆ ಮಾಡಿತು. ಮೊದಲ ಭಾಗ ನೋಡಿದವರು ಎರಡನೆಯದಕ್ಕೆ ಎರಡು ಮೂರು ದಿನ ಕಾಯಬೇಕು!

ಆ ಭಯ ಸುಳ್ಳು ಅಂತ ತೋರಿಸಿದವರು ಬೇರೆಯವರು. 1912ರಲ್ಲಿ ಅಡಾಲ್ಫ್ ಝುಕರ್ ಎಂಬ ಪ್ರದರ್ಶಕ ಹೆಸರಾಂತ ರಂಗನಟಿ ಸಾರಾ ಬರ್ನ್‌ಹಾರ್ಟ್ ನಟಿಸಿದ್ದ ನಾಲ್ಕು ರೀಲಿನ ಫ್ರೆಂಚ್ ಚಿತ್ರ ತಂದು, ನಾಟಕದ ದೊಡ್ಡ ಥಿಯೇಟರಿನಲ್ಲಿ ತೋರಿಸಿದ. ಮರುವರ್ಷ ಇಟಲಿಯಿಂದ ‘ಕ್ವೋ ವಾಡಿಸ್’ ಎಂಬ ಉದ್ದದ ಚಿತ್ರ ಬಂತು. 1915ರಲ್ಲಿ ಅದೇ ಗ್ರಿಫಿತ್ ಮಾಡಿದ ‘ದಿ ಬರ್ತ್ ಆಫ್ ಎ ನೇಷನ್’ ಬಂತು. ಕರಿಯರ ಬಗ್ಗೆ ವಿಷ ಕಾರುವ ಚಿತ್ರ ಅದು. ಆದರೂ ಎರಡು ಡಾಲರ್ ಕೊಟ್ಟು ಜನ ನೋಡಿದರು. 5 ಸೆಂಟೆಲ್ಲಿ, ಎರಡು ಡಾಲರ್ ಎಲ್ಲಿ! ಉದ್ದದ ಚಿತ್ರಕ್ಕೆ ಹೆಸರಿರುತ್ತದೆ, ಪೋಸ್ಟರ್ ಇರುತ್ತದೆ. ವಾರಗಟ್ಟಲೆ ಓಡುತ್ತದೆ. ಒಂದು ಸಲದ ಪ್ರಚಾರಕ್ಕೆ ಹತ್ತು ಪಟ್ಟು ವಸೂಲಿ. ಕಿರುಚಿತ್ರ ಸೋತದ್ದು ಕಲೆಯಲ್ಲಲ್ಲ, ಈ ಲೆಕ್ಕದಲ್ಲಿ.

ಇಲ್ಲೊಂದು ತಮಾಷೆ ಇದೆ. ಕಿರುಚಿತ್ರದ ಕತೆ ಮುಗಿಯಿತು ಎನ್ನುತ್ತಿದ್ದ ಆ ಹೊತ್ತಿಗೇ, 1916ರಲ್ಲಿ, ಚಾರ್ಲಿ ಚಾಪ್ಲಿನ್‌ಗೆ ಮ್ಯೂಚುವಲ್ ಕಂಪನಿ ವರ್ಷಕ್ಕೆ 6,70,000 ಡಾಲರ್ ಕೊಡಲು ಒಪ್ಪಿತು. ಹನ್ನೆರಡು ಎರಡು ರೀಲಿನ ಚಿತ್ರಗಳಿಗೆ. ನಗಿಸುವ ಚಿತ್ರ ಉದ್ದವಾದರೆ ಜಾಳಾಗುತ್ತದೆ ಎಂಬ ನಂಬಿಕೆ ಆಗ ಇತ್ತು. ನನಗೂ ಅದು ಪೂರ್ತಿ ತಪ್ಪು ಅಂತ ಅನ್ನಿಸುವುದಿಲ್ಲ.

ಅಲ್ಲಿಂದ ಮುಂದೆ ಕಿರುಚಿತ್ರ ಬದುಕಿದ್ದು ಬಾಳೆಎಲೆಯ ಕೋಸಂಬರಿಯ ಹಾಗೆ. ಒಂದು ಕಾರ್ಟೂನು, ಒಂದು ನ್ಯೂಸ್ ರೀಲು, ಒಂದು ಎರಡು ರೀಲಿನ ಹಾಸ್ಯ, ಕೊನೆಗೆ ದೊಡ್ಡ ಚಿತ್ರ. ಕೋಸಂಬರಿ ಇಲ್ಲದಿದ್ದರೆ ಎಲೆ ಬೋಳು. ಆದರೆ ಕೋಸಂಬರಿಗೆ ಅಂತ ಯಾರೂ ಬೇರೆ ದುಡ್ಡು ಕೊಡುವುದಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಥಿಯೇಟರಿನವರು ಜನರನ್ನು ಸೆಳೆಯಲು ಒಂದು ಟಿಕೆಟ್ಟಿಗೆ ಎರಡು ದೊಡ್ಡ ಚಿತ್ರ ಬಡಿಸಲು ಶುರುಮಾಡಿದರು. ಎಲೆಯ ಮೇಲೆ ಜಾಗ ಉಳಿಯಲಿಲ್ಲ. ಆಸ್ಕರ್ ಕಿರುಚಿತ್ರಗಳಿಗೆ ಪ್ರಶಸ್ತಿ ಕೊಡಲು ಶುರುಮಾಡಿದ್ದೂ ಆ ಕಾಲದಲ್ಲೇ, 1932ರಲ್ಲಿ. ಮೊದಲ ವರ್ಷದ ಹಾಸ್ಯ ಪ್ರಶಸ್ತಿ ಲಾರೆಲ್ ಮತ್ತು ಹಾರ್ಡಿಯ ‘ದಿ ಮ್ಯೂಸಿಕ್ ಬಾಕ್ಸ್’ಗೆ. ಇಬ್ಬರು ಸೇರಿ ಒಂದು ಪಿಯಾನೋವನ್ನು ಮೆಟ್ಟಿಲು ಹತ್ತಿಸುತ್ತಾರೆ, ಅದು ಜಾರುತ್ತದೆ, ಮತ್ತೆ ಹತ್ತಿಸುತ್ತಾರೆ. ಕತೆ ಅಷ್ಟೇ. ನನ್ನ ಕ್ಲಾಸಿನಲ್ಲಿ ಇದನ್ನು ತೋರಿಸದೆ ಬಿಡುವುದಿಲ್ಲ.

ಕೊನೆಯ ಪೆಟ್ಟು ಕೋರ್ಟಿನಿಂದ ಬಂತು. ದೊಡ್ಡ ಸ್ಟುಡಿಯೋಗಳು ತಮ್ಮ ಸ್ಟಾರ್ ಚಿತ್ರ ಬೇಕಾದರೆ ಕಿರುಚಿತ್ರಗಳ ಗಂಟನ್ನೂ ಕೊಳ್ಳಬೇಕು ಅಂತ ಥಿಯೇಟರಿನವರಿಗೆ ಕಟ್ಟು ಹಾಕುತ್ತಿದ್ದವು. ಸರ್ಕಾರ ಕೇಸು ಹಾಕಿತು. 1940ರ ರಾಜಿಯಲ್ಲಿ ಈ ಕಿರುಚಿತ್ರದ ಕಟ್ಟು ಹೋಯಿತು. 1948ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಚಿತ್ರಗಳನ್ನು ಗಂಟು ಕಟ್ಟಿ ಮಾರುವ ಪದ್ಧತಿಯೇ ಹೋಯಿತು. ತೀರ್ಪು ನ್ಯಾಯವಾದದ್ದೇ. ಆದರೆ ಕೊಳ್ಳಲೇಬೇಕೆಂಬ ಒತ್ತಾಯ ಹೋದ ಮೇಲೆ ಕಿರುಚಿತ್ರವನ್ನು ಯಾರು ಕೊಳ್ಳುತ್ತಾರೆ? ಅಷ್ಟರಲ್ಲಿ ಟಿವಿ ಬಂತು. ನ್ಯೂಸ್ ರೀಲು, ಕಾರ್ಟೂನು ಎಲ್ಲ ಮನೆಯೊಳಗೆ ನಡೆದವು. ‘ತ್ರೀ ಸ್ಟೂಜಸ್’ ತಂಡ 1934ರಿಂದ ಕೊಲಂಬಿಯಾ ಕಂಪನಿಗೆ 190 ಕಿರುಚಿತ್ರ ಮಾಡಿತ್ತು. ಅದರ ಕೊನೆಯದು ಬಂದದ್ದು 1959ರಲ್ಲಿ.

ನಮ್ಮಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಕಾನೂನು ಕಿರುಚಿತ್ರವನ್ನು ಥಿಯೇಟರಿನಿಂದ ಬಿಡಿಸಿತು, ಇಲ್ಲಿ ಕಾನೂನೇ ತಂದು ಕೂರಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಪ್ರಚಾರ ಚಿತ್ರಗಳನ್ನು ಎಲ್ಲ ಥಿಯೇಟರಿನಲ್ಲೂ ಕಡ್ಡಾಯ ಮಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಸರ್ಕಾರಕ್ಕಾಗಿ ಚಿತ್ರ ಮಾಡುವ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಹಳೆಯ ಕಡ್ಡಾಯ ಹೊಸ ಅಂಗಿ ತೊಟ್ಟಿತು. ಪ್ರತಿ ಆಟಕ್ಕೂ ಸರ್ಕಾರ ಒಪ್ಪಿದ ಕಿರುಚಿತ್ರ ತೋರಿಸಲೇಬೇಕು, ಇಲ್ಲದಿದ್ದರೆ ಲೈಸೆನ್ಸಿಗೆ ಕುತ್ತು. ಅದಕ್ಕೆ ಥಿಯೇಟರಿನವರೇ ಬಾಡಿಗೆ ಕೊಡಬೇಕು, ಕಲೆಕ್ಷನ್ನಿನಲ್ಲಿ ಶೇಕಡಾ ಒಂದರವರೆಗೆ.

ನಾನು ಚಿಕ್ಕವನಿದ್ದಾಗ ನಮ್ಮೂರಿನ ಟೆಂಟಿನಲ್ಲಿ ಇವನ್ನು ನೋಡಿದ್ದೇನೆ. ನೋಡಿದ್ದೇನೆ ಅನ್ನುವುದಕ್ಕಿಂತ ಅವು ಓಡುವಾಗ ಒಳಗಿದ್ದೆ ಅನ್ನಬೇಕು. ಪ್ರವಾಹ, ಅಣೆಕಟ್ಟಿನ ಶಂಕುಸ್ಥಾಪನೆ, ಗಂಭೀರ ದನಿಯ ವಿವರಣೆ. ಜನ ಬೀಡಿ ಹಚ್ಚುತ್ತಿದ್ದರು. ಹೆಂಗಸರು ಮರಳಿನ ಮೇಲೆ ಮಗುವನ್ನು ಮಲಗಿಸುತ್ತಿದ್ದರು. “ಏ, ಅವಸರ ಬೇಡ, ಇನ್ನೂ ನ್ಯೂಸ್ ರೀಲ್ ಓಡ್ತೈತೆ” ಅಂತ ಹೊರಗೆ ಕಡಲೆಕಾಯಿ ಕೊಳ್ಳುತ್ತಾ ನಿಂತವರೇ ಜಾಸ್ತಿ. ಆಮೇಲೆ ದೊಡ್ಡ ಚಿತ್ರದ ಸೆನ್ಸಾರ್ ಸರ್ಟಿಫಿಕೇಟು ಪರದೆ ಮೇಲೆ ಬಂದರೆ ಎಲ್ಲರ ಕಣ್ಣೂ ರೀಲಿನ ಲೆಕ್ಕದ ಮೇಲೆ. ಹದಿನಾರು ರೀಲು ಅಂದರೆ ಶಿಳ್ಳೆ. ಕೊಟ್ಟ ಕಾಸಿಗೆ ಮೋಸ ಇಲ್ಲ.

ಇಂಥ ಪ್ರೇಕ್ಷಕರು ಸಿಕ್ಕಿದ್ದು ವರವೋ ಶಾಪವೋ? ಎರಡೂ. ಜನ ಮೆಚ್ಚಲೇಬೇಕು ಎಂಬ ಒತ್ತಡ ಇರಲಿಲ್ಲವಾದ್ದರಿಂದ ಬಹಳಷ್ಟು ಚಿತ್ರಗಳು ಸಪ್ಪೆ. ಅದೇ ಕಾರಣಕ್ಕೆ 1960ರ ದಶಕದ ಕೊನೆಯಲ್ಲಿ ಕೆಲವರಿಗೆ ಹುಚ್ಚುಹುಚ್ಚಾಗಿ ಪ್ರಯೋಗ ಮಾಡುವ ಧೈರ್ಯವೂ ಬಂತು. ಎಸ್. ಎನ್. ಎಸ್. ಶಾಸ್ತ್ರಿ 1967ರಲ್ಲಿ ‘ಐ ಆಮ್ 20’ ಮಾಡಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೇ ಹುಟ್ಟಿದ ಹುಡುಗ ಹುಡುಗಿಯರನ್ನು ಹುಡುಕಿ ಮಾತಾಡಿಸಿದ ಚಿತ್ರ. ಒಬ್ಬನಿಗೆ ದೇಶದ ಮೇಲೆ ಹೆಮ್ಮೆ, ಇನ್ನೊಬ್ಬನಿಗೆ ಏನೂ ಅನ್ನಿಸುವುದಿಲ್ಲ. ಸರ್ಕಾರದ ದುಡ್ಡಿನಲ್ಲಿ ಸರ್ಕಾರದ ಮುಖಕ್ಕೇ ಹಿಡಿದ ಕನ್ನಡಿ. ಅದಾದ ಮರುವರ್ಷ ಅವರೇ ‘ಅಂಡ್ ಐ ಮೇಕ್ ಶಾರ್ಟ್ ಫಿಲ್ಮ್ಸ್’ ಮಾಡಿದರು. ಕಿರುಚಿತ್ರ ಮಾಡುವವನು ತನ್ನ ಕಸುಬನ್ನೇ ಗೇಲಿ ಮಾಡಿಕೊಳ್ಳುವ ಚಿತ್ರ. ಅದರ ಕಟಿಂಗ್ ನೋಡಿದರೆ ನಿನ್ನೆ ಮೊನ್ನೆ ಮಾಡಿದ ಹಾಗಿದೆ. ಕಡಲೆಕಾಯಿ ತಿನ್ನುತ್ತಾ ಹೊರಗೆ ನಿಂತಿದ್ದವರು ಇಂಥವನ್ನೂ ತಪ್ಪಿಸಿಕೊಂಡಿರಬಹುದು ಅಂತ ನೆನೆದರೆ ಸ್ವಲ್ಪ ಸಂಕಟವಾಗುತ್ತದೆ. 2022ರಲ್ಲಿ ಫಿಲ್ಮ್ಸ್ ಡಿವಿಷನ್ ಎನ್‌ಎಫ್‌ಡಿಸಿ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಹೋಯಿತು.

ಫ್ರಾನ್ಸ್‌ನವರು ಸುಮ್ನೆ ಕೂರಲಿಲ್ಲ. ಅಲ್ಲೂ ದೊಡ್ಡ ಚಿತ್ರದ ಜೊತೆ ಕಿರುಚಿತ್ರ ಕಡ್ಡಾಯವಾಗಿತ್ತು. 1953ರ ಆಗಸ್ಟ್‌ನಲ್ಲಿ ಸರ್ಕಾರ ಅದನ್ನು ತೆಗೆದುಹಾಕಿದಾಗ ನಿರ್ದೇಶಕರು, ನಿರ್ಮಾಪಕರು ಸೇರಿ ‘ಮೂವತ್ತು ಜನರ ಗುಂಪು’ ಕಟ್ಟಿ ಜಗಳಕ್ಕೆ ನಿಂತರು. ಕಡ್ಡಾಯದ ಬದಲು ಒಳ್ಳೆಯ ಕಿರುಚಿತ್ರಕ್ಕೆ ಸರ್ಕಾರ ಬಹುಮಾನದ ಹಣ ಕೊಡುವ ಏರ್ಪಾಟು ಬಂತು. ಆ ನೆಲದಲ್ಲಿ ಏನೇನು ಬೆಳೆಯಿತು ನೋಡಿ. 1956ರಲ್ಲಿ ಅಲೆನ್ ರೆನೆಯ ‘ನೈಟ್ ಅಂಡ್ ಫಾಗ್’, ನಾಜಿ ಶಿಬಿರಗಳ ಬಗ್ಗೆ, 32 ನಿಮಿಷ. ಅದೇ ವರ್ಷ ಆಲ್ಬೆರ್ ಲಾಮೊರಿಸ್‌ನ ‘ದಿ ರೆಡ್ ಬಲೂನ್’. ಮಾತೇ ಇಲ್ಲ ಅನ್ನುವಷ್ಟು ಕಡಿಮೆ ಮಾತು. ಆದರೂ ಚಿತ್ರಕತೆಗೆ ಆಸ್ಕರ್ ಬಂತು. 1962ರಲ್ಲಿ ಕ್ರಿಸ್ ಮಾರ್ಕರ್‌ನ ‘ಲಾ ಜೆತೇ’. 28 ನಿಮಿಷ, ಬರೀ ಫೋಟೋಗಳು. ನಡುವೆ ಒಂದೇ ಒಂದು ಶಾಟ್‌ನಲ್ಲಿ ಮಲಗಿದ ಹೆಂಗಸು ಕಣ್ಣು ಬಿಡುತ್ತಾಳೆ. ಎಷ್ಟು ಸಲ ನೋಡಿದರೂ ಅಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ಜರ್ಮನಿಯ ಒಬರ್‌ಹೌಸನ್‌ನಲ್ಲಿ ಅದೇ 1962ರ ಫೆಬ್ರವರಿ 28ರಂದು 26 ಜನ ಒಂದು ಘೋಷಣೆಗೆ ಸಹಿ ಹಾಕಿ, ಹಳೆಯ ಸಿನಿಮಾ ಸತ್ತಿದೆ ಎಂದರು. ಅದೂ ಕಿರುಚಿತ್ರಗಳ ಉತ್ಸವದಲ್ಲಿ.

ಇರಾನಿನಲ್ಲಿ ದುಡ್ಡು ಹಾಕಿದ್ದು ಮಕ್ಕಳಿಗಾಗಿ ಪುಸ್ತಕ, ಲೈಬ್ರರಿ ನಡೆಸುತ್ತಿದ್ದ ಕಾನೂನ್ ಎಂಬ ಸಂಸ್ಥೆ. ಅಲ್ಲಿ ಅಬ್ಬಾಸ್ ಕಿಯಾರೊಸ್ತಮಿ 1970ರಲ್ಲಿ ಮಾಡಿದ ಮೊದಲ ಚಿತ್ರ ‘ದಿ ಬ್ರೆಡ್ ಅಂಡ್ ಆ್ಯಲಿ’. ಹತ್ತು ನಿಮಿಷ. ಒಬ್ಬ ಹುಡುಗ ರೊಟ್ಟಿ ತೆಗೆದುಕೊಂಡು ಮನೆಗೆ ಹೊರಟಿದ್ದಾನೆ. ಓಣಿಯಲ್ಲಿ ಒಂದು ನಾಯಿ. ದಾಟುವುದು ಹೇಗೆ? ಮುಗಿಯಿತು, ಇಡೀ ಚಿತ್ರ ಇಷ್ಟೇ. ಹುಡುಗ ಯಾರ ಮಗ, ಯಾವ ಕ್ಲಾಸು, ಮನೆಯಲ್ಲಿ ಬಡತನವೋ, ಏನೂ ಹೇಳುವುದಿಲ್ಲ. ಬೇಕಾಗಿಯೂ ಇಲ್ಲ. ಕೊನೆಯಲ್ಲಿ ಹುಡುಗ ನಾಯಿಯ ಜೊತೆ ಬಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ, ನಾಯಿ ಹೊರಗೆ ಮಲಗುತ್ತದೆ. ಇದನ್ನು ಒಂದೇ ಶಾಟ್‌ನಲ್ಲಿ ತೆಗೆಯಬೇಕು ಅಂತ ಕಿಯಾರೊಸ್ತಮಿಯ ಹಟ. ತುಂಡು ಮಾಡಿ ತೆಗೆಯೋಣ ಅಂತ ಕ್ಯಾಮೆರಾಮನ್. ನಾಯಿ ಹೇಳಿದಂತೆ ಕೇಳಬೇಕಲ್ಲ? ಆ ಶಾಟ್‌ಗೆ ಸುಮಾರು 40 ದಿನ ಹಿಡಿಯಿತು ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ನಾನು ಅಲ್ಲಿದ್ದಿದ್ದರೆ ಕ್ಯಾಮೆರಾಮನ್ ಪರ ನಿಲ್ಲುತ್ತಿದ್ದೆ. ತಪ್ಪೂ ಮಾಡುತ್ತಿದ್ದೆ.

ಈ ಚಿತ್ರವನ್ನು ಆ ಹುಡುಗನಿಗೂ ತೋರಿಸಿದೆ. ಅವನ ಕತೆ ಚೆನ್ನಾಗಿತ್ತು. ಇಬ್ಬರು ಅಣ್ಣತಮ್ಮಂದಿರು ಪಾಲಾಗುವ ದಿನ. ಹೊಲ, ಮನೆ, ದನ ಎಲ್ಲ ಹಂಚಾಗಿದೆ. ಬಚ್ಚಲುಮನೆಯ ತಾಮ್ರದ ಹಂಡೆ ಯಾರಿಗೆ ಎನ್ನುವುದು ಬಗೆಹರಿದಿಲ್ಲ. ಹಂಡೆಯ ಜೊತೆ ಅವ್ವ ಎಂಬುದು ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ. ಇಂಥ ಕತೆಗೆ ಅವನು ಮೊದಲ ಆರು ನಿಮಿಷದಲ್ಲಿ ಇಟ್ಟಿದ್ದೇನು? ಡ್ರೋನಿನಲ್ಲಿ ಊರು. ಬಸ್ಸು ಬರುವುದು. ಅಣ್ಣ ಹಲ್ಲುಜ್ಜುವುದು. ತಮ್ಮನ ಹೆಂಡತಿ ಫೋನಿನಲ್ಲಿ ತವರಿಗೆ ಹಿನ್ನೆಲೆಯನ್ನೆಲ್ಲ ವಿವರಿಸುವುದು.

“ಇದೆಲ್ಲ ಇಲ್ಲದಿದ್ರೆ ಜನರಿಗೆ ಅರ್ಥ ಆಗುತ್ತಾ ಸರ್?”

“ಹಗ್ಗ ಹಿಡಿದು ಹೊಲ ಅಳೆಯೋದರಿಂದ ಶುರುಮಾಡು. ಎಲ್ಲಾ ಅರ್ಥ ಆಗುತ್ತೆ.”

ಕಿರುಚಿತ್ರ ಅಂದರೆ ದೊಡ್ಡ ಚಿತ್ರವನ್ನು ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿದ್ದಲ್ಲ. ಕತೆ ಅರ್ಧ ನಡೆದ ಮೇಲೆ ಬಾಗಿಲು ತೆರೆಯಬೇಕು. ಹಿಂದಿನದ್ದು ಮಾತಿನಲ್ಲಿ ಬರಬಾರದು, ಮುಖದಲ್ಲಿ, ಕೈಯಲ್ಲಿ ಕಾಣಬೇಕು. ಹೊಸ ಪಾತ್ರ ಬಂದಾಗೆಲ್ಲ ಒಂದು ನಿಮಿಷ ಕೈಬಿಡುತ್ತದೆ. ಅವನ ಚಿತ್ರದಲ್ಲಿದ್ದ ಶಾನುಭೋಗರು, ಪಕ್ಕದ ಮನೆಯವರು, ಊರಿನ ಮುಖಂಡರು ಒಬ್ಬೊಬ್ಬರೇ ಹೋದರು. ಪಕ್ಕದ ಮನೆಯವರನ್ನು ತೆಗೆದದ್ದಕ್ಕೆ ಊರಿನಲ್ಲಿ ಜಗಳವಾಯಿತಂತೆ. ಅದು ನನ್ನ ಕೈ ಮೀರಿದ್ದು.

ನನ್ನ ತಲೆಮಾರಿಗೆ ಇಂಥ ಹುಡುಗ ಒಬ್ಬ ಕ್ಯಾಮೆರಾ ಹಿಡಿಯುವುದೇ ಕನಸಾಗಿತ್ತು. ಫಿಲ್ಮ್, ಲ್ಯಾಬು, ಪ್ರಿಂಟು ಅಂತ ಲಕ್ಷಗಟ್ಟಲೆ ಬೇಕು. ಅದನ್ನು ಕೊಡುತ್ತಿದ್ದದ್ದು ಶಾಲೆ ಮಾತ್ರ. ಗಿರೀಶ ಕಾಸರವಳ್ಳಿಯವರ ‘ಅವಶೇಷ’ ಪುಣೆಯ ಇನ್‌ಸ್ಟಿಟ್ಯೂಟ್‌ನ ಡಿಪ್ಲೊಮಾ ಚಿತ್ರ, 1975ರದ್ದು. ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಎರಡೇ ವರ್ಷಕ್ಕೆ ‘ಘಟಶ್ರಾದ್ಧ’ ಬಂತು. ಟಿಕೆಟ್ಟಿನೊಳಗೇ ಕಿರುಚಿತ್ರ ತೂರಿಸಿದ ಜಾಣತನವೂ ಕನ್ನಡದಲ್ಲಿ ನಡೆದಿದೆ. 1976ರಲ್ಲಿ ಪುಟ್ಟಣ್ಣ ಕಣಗಾಲ್ ಮೂರು ಸಣ್ಣಕತೆಗಳನ್ನು ಮೂರು ಬಿಡಿ ಚಿತ್ರಗಳಾಗಿ ಮಾಡಿ ‘ಕಥಾಸಂಗಮ’ ಅಂತ ಒಂದೇ ಗಂಟಿನಲ್ಲಿ ಕಟ್ಟಿದರು. ‘ಹಂಗು’, ‘ಅತಿಥಿ’, ‘ಮುನಿತಾಯಿ’. 2019ರಲ್ಲಿ ಅದೇ ಹೆಸರಿನಲ್ಲಿ ಏಳು ನಿರ್ದೇಶಕರ ಏಳು ಚಿತ್ರ ಬಂದವು. ನಡುವೆ 1980ರ ದಶಕದಲ್ಲಿ ದೂರದರ್ಶನದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’. ಹೆಚ್ಚಿನ ಕಂತುಗಳು ಬಿಡಿಯಾಗಿ ನಿಲ್ಲುವ ಕಿರುಚಿತ್ರಗಳೇ. ನಾವು ಅದನ್ನು ಧಾರಾವಾಹಿ ಅಂದೆವು, ಅಷ್ಟೇ ವ್ಯತ್ಯಾಸ.

2008ರ ಕೊನೆಗೆ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಎಂಬ ಕ್ಯಾಮೆರಾ ಬಂತು. ಮದುವೆ ಫೋಟೋ ತೆಗೆಯುವವರ ಕೈಯಲ್ಲಿದ್ದ ಆ ಕ್ಯಾಮೆರಾದಲ್ಲಿ ಸಿನಿಮಾದ ಹಾಗೆ ಕಾಣುವ ವಿಡಿಯೋ ಬರುತ್ತಿತ್ತು. ಬಾಡಿಗೆಗೆ ಸಿಗುತ್ತಿತ್ತು. ಲ್ಯಾಬಿನ ಖರ್ಚು ಸೊನ್ನೆ. ಇನ್ನೊಂದು ವಿಷಯ ನನಗೆ ಈಗಲೂ ನಗು ತರಿಸುತ್ತದೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿರಲಿಲ್ಲ. ಅಂದರೆ ಒಂದು ಸಲಕ್ಕೆ 12 ನಿಮಿಷ. ನನ್ನ ತಗಡಿನ ಡಬ್ಬಕ್ಕಿಂತ ಒಂದೇ ನಿಮಿಷ ಜಾಸ್ತಿ!

ತಮಿಳಿನವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಕಲೈಙರ್ ಟಿವಿಯಲ್ಲಿ ‘ನಾಳೈಯ ಇಯಕ್ಕುನರ್’, ಅಂದರೆ ನಾಳೆಯ ನಿರ್ದೇಶಕ, ಎಂಬ ಕಿರುಚಿತ್ರ ಸ್ಪರ್ಧೆ ಶುರುವಾಯಿತು. ಕಾರ್ತಿಕ್ ಸುಬ್ಬರಾಜ್, ನಲನ್ ಕುಮಾರಸಾಮಿ, ಬಾಲಾಜಿ ಮೋಹನ್ ಎಂಬ ನಿರ್ದೇಶಕರು ಅಲ್ಲಿಂದ ಬಂದವರು. ಟಿವಿಗೆ ಜಾಹೀರಾತು ಬಂತು, ಹುಡುಗರಿಗೆ ನಿರ್ಮಾಪಕರು ಸಿಕ್ಕರು. ಬೆಂಗಳೂರಿನಲ್ಲೂ 2010ರಿಂದ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ನಡೆಯುತ್ತಿದೆ.

ಆದರೆ ಇಲ್ಲೇ ನನ್ನ ತಕರಾರು ಇರುವುದು. ಕಿರುಚಿತ್ರ ವಿಸಿಟಿಂಗ್ ಕಾರ್ಡ್ ಆಯಿತು. ಇದು ಹೊಸದೇನಲ್ಲ, ಒಪ್ಪುತ್ತೇನೆ. ಫಾಲ್ಕೆಯವರು 1912ರಲ್ಲಿ ಬಟಾಣಿ ಗಿಡ ಮೊಳೆತು ಬೆಳೆಯುವುದನ್ನು ಸ್ವಲ್ಪ ಸ್ವಲ್ಪವೇ ಚಿತ್ರಿಸಿ, ಅದನ್ನು ತೋರಿಸಿ ‘ರಾಜಾ ಹರಿಶ್ಚಂದ್ರ’ಕ್ಕೆ ಸಾಲ ಹುಟ್ಟಿಸಿದ್ದರು. ಈಗ ಆ್ಯನಿಮೇಷನ್ ಚಿತ್ರಗಳಿಗೆ ಹೆಸರಾದ ಪಿಕ್ಸಾರ್ 1986ರಲ್ಲಿ ಎರಡು ನಿಮಿಷದ ‘ಲಕ್ಸೋ ಜೂನಿಯರ್’ ಮಾಡಿದಾಗ ಅದು ಕಂಪ್ಯೂಟರ್ ಮಾರುವ ಕಂಪನಿ. ನಮ್ಮ ಯಂತ್ರದಲ್ಲಿ ಇಂಥದ್ದೆಲ್ಲ ಆಗುತ್ತದೆ ಅಂತ ತೋರಿಸಬೇಕಿತ್ತು. ಆದರೆ ಆ ಚಿತ್ರದ ಪುಟ್ಟ ಟೇಬಲ್ ಲ್ಯಾಂಪು ಚೆಂಡಿನ ಮೇಲೆ ಹಾರಿದಾಗ ಯಾರಿಗೂ ಕಂಪ್ಯೂಟರ್ ನೆನಪಾಗಲಿಲ್ಲ. ಈಗ ನನ್ನ ಬಳಿ ಬರುವ ಎಷ್ಟೋ ಚಿತ್ರಗಳಲ್ಲಿ ಲ್ಯಾಂಪಿಲ್ಲ, ಬರೀ ಯಂತ್ರ. ಡ್ರೋನ್ ಇದೆ, ಫೈಟ್ ಇದೆ, ಕೊನೆಗೊಂದು ಟ್ವಿಸ್ಟ್ ಇದೆ. ‘ನನಗೆ ದೊಡ್ಡ ಸಿನಿಮಾ ಕೊಡಿ’ ಅಂತ ಅರ್ಜಿ ಬರೆದ ಹಾಗೆ. ಮಾಸ್ತಿಯವರ ಸಣ್ಣಕತೆಯನ್ನು ಯಾರೂ ಕಾದಂಬರಿಗೆ ಹಾಕಿದ ಅರ್ಜಿ ಅಂದುಕೊಳ್ಳಲಿಲ್ಲವಲ್ಲ.

ಇನ್ನು ಕಂಪನಿಗಳ ದುಡ್ಡು. ಮದ್ಯದ ಜಾಹೀರಾತು ನೇರವಾಗಿ ಮಾಡುವಂತಿಲ್ಲ. ಹಾಗಾಗಿ ಅಂಥ ಬ್ರಾಂಡಿನ ಹೆಸರಿನಲ್ಲೇ ಕಿರುಚಿತ್ರಗಳು ಬರುತ್ತವೆ, ದೊಡ್ಡ ನಟರೂ ಇರುತ್ತಾರೆ. ಕೆಲವು ನಿಜಕ್ಕೂ ಚೆನ್ನಾಗಿವೆ. ನಾನೂ ಒಂದು ಕಂಪನಿಗೆ ಕೆಲಸ ಮಾಡಿದ್ದೇನೆ. ಅವರು ಪರದೆ ತುಂಬ ಒಂದು ಗ್ರಾಫ್ ತೋರಿಸಿದರು. ಯಾವ ಸೆಕೆಂಡಿನಲ್ಲಿ ಎಷ್ಟು ಜನ ನೋಡುವುದನ್ನು ಬಿಟ್ಟರು ಎಂಬ ಲೆಕ್ಕ. ಗೆರೆ ಬಿದ್ದ ಕಡೆಯೆಲ್ಲ ಕತ್ತರಿಸಿ ಅಂದರು. ಗೆರೆ ಬಿದ್ದದ್ದು ಹೆಂಗಸೊಬ್ಬಳು ಸುಮ್ಮನೆ ಕೂತು ಯೋಚಿಸುವ ಜಾಗದಲ್ಲಿ. ಕತ್ತರಿಸಿದೆ. ದುಡ್ಡು ಬಂತು. ಆ ಚಿತ್ರವನ್ನು ನಾನು ಯಾರಿಗೂ ತೋರಿಸುವುದಿಲ್ಲ.

2020ರ ಜೂನ್ 29ರಂದು ನಮ್ಮಲ್ಲಿ ಟಿಕ್‌ಟಾಕ್ ನಿಂತಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಆ ಜಾಗಕ್ಕೆ ಬಂದವು. ರೀಲು ಅನ್ನುವ ಹೆಸರೇ ನೋಡಿ, ನಮ್ಮ ಡಬ್ಬದಿಂದ ಹೋದದ್ದು. ಇವು ಕಿರುಚಿತ್ರವಾ? ಲೂಮಿಯೇರ್‌ನ 50 ಸೆಕೆಂಡು ಕಿರುಚಿತ್ರವಾದರೆ ಇವೂ ಹೌದು. ಒಬ್ಬ ಅಜ್ಜ ರೊಟ್ಟಿ ತಟ್ಟುವುದನ್ನು ಹಿಡಿದ ಒಂದು ರೀಲ್ಸ್ ನನಗೆ ಎಷ್ಟೋ ಪ್ರಶಸ್ತಿ ಚಿತ್ರಗಳಿಗಿಂತ ಇಷ್ಟ. ಆದರೆ ದುಡ್ಡು ಸುರಿದ ಮಾತ್ರಕ್ಕೆ ಹೊಸ ಡಬ್ಬ ಹುಟ್ಟುವುದಿಲ್ಲ. ಅದೇ 2020ರ ಏಪ್ರಿಲ್‌ನಲ್ಲಿ ಹಾಲಿವುಡ್‌ನ ದೊಡ್ಡ ತಲೆಗಳು 175 ಕೋಟಿ ಡಾಲರ್ ಬಂಡವಾಳ ಕೂಡಿಸಿ ಕ್ವಿಬಿ ಎಂಬ ಆ್ಯಪ್ ತಂದರು. ಫೋನಿಗಾಗಿ ಹತ್ತು ನಿಮಿಷದೊಳಗಿನ ಕಂತುಗಳು, ದೊಡ್ಡ ದೊಡ್ಡ ನಟರು. ಡಿಸೆಂಬರ್‌ಗೆ ಅಂಗಡಿ ಮುಚ್ಚಿತು. ಕತೆಗಳನ್ನು ಹತ್ತು ನಿಮಿಷಕ್ಕೆ ತುಂಡು ಮಾಡಿದ್ದರು, ಹತ್ತು ನಿಮಿಷದ ಕತೆ ಹುಡುಕಿದ್ದು ಕಡಿಮೆ.

ನಮ್ಮ ಹುಡುಗನ ಚಿತ್ರ ಮೂರು ವಾರಕ್ಕೆ 15 ನಿಮಿಷ 9 ಸೆಕೆಂಡಿಗೆ ಬಂತು. ಅದರಲ್ಲಿ ಕ್ರೆಡಿಟ್ಸ್ ಒಂದೂವರೆ ನಿಮಿಷ. ಊರಿನ ಅರ್ಧ ಜನಕ್ಕೆ ಧನ್ಯವಾದ. ಸೋದರಮಾವನ ಹೆಸರಿಗೆ ಬೇರೆಯದೇ ಕಾರ್ಡು, ಹತ್ತು ಸೆಕೆಂಡು. ಇದನ್ನು ತೆಗೆದರೆ ಲೆಕ್ಕ ಸರಿಹೋಗುತ್ತದೆ ಅಂದೆ.

“ಅದೊಂದು ಆಗಲ್ಲ ಸರ್. ದುಡ್ಡು ಹಾಕಿರೋದೇ ಮಾವ.”

ಇಬ್ಬರೂ ಟೈಮ್‌ಲೈನ್ ಉದ್ದಕ್ಕೂ ಹುಡುಕಿದೆವು. ಉಳಿದದ್ದು ಅವನಿಗೆ ಬಹಳ ಇಷ್ಟವಾದ ಒಂದು ಶಾಟ್. ಬೆಳಗಿನ ಜಾವ ಅವ್ವ ಹಂಡೆಯ ಕೆಳಗೆ ಉರಿ ಹಾಕಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಾಳೆ. ನಲವತ್ತು ಸೆಕೆಂಡು. ಅದರಿಂದ ಹತ್ತು ತೆಗೆದೆವು.